ನೆಲ್ಡಾ ಕ್ರೌಚಳ ನಿಧಾನದ ಹಾಡು

ಇವತ್ತು ಹೇಳಿಯೇಬಿಡಬೇಕು ಎಂದು ನೆಲ್ಡಾ ಕ್ರೌಚ್ ಬೆಳಿಗ್ಗೆ ಮೋಟೆಲ್ಲಿನ ಕನ್ನಡಿಯ ಮುಂದೆ ಹಲ್ಲುಜ್ಜುತ್ತ ತೀರ್ಮಾನಿಸಿದ್ದಳು. ‘ಹೋಯ್ಟ್, ನನಗೆ ಸಾಕಾಯ್ತು, ಇನ್ನು ಊರೂರು ತಿರುಗಿ ಹಾಡಲಾರೆ.’ ಇಷ್ಟೇ ಮಾತು. ಜನ್ಮವೆಲ್ಲ ಹಾಡು ಬರೆದ ಹೆಂಗಸಿಗೆ ಇಷ್ಟು ಹೇಳುವುದು ಏನು ಮಹಾ? ಆದರೆ ವ್ಯಾನು ಹೆದ್ದಾರಿ ಬಿಟ್ಟು ಜೋಳದ ಹೊಲಗಳ ನಡುವಿನ ದಾರಿಗೆ ತಿರುಗಿದರೂ ಆ ಮಾತು ಗಂಟಲಿನಿಂದ ಮೇಲೆ ಬರಲಿಲ್ಲ. ಅಷ್ಟರಲ್ಲಿ ಹೋಯ್ಟ್ ಬ್ರಾಶಿಯರ್ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದುಕೊಂಡೇ ಇನ್ನೊಂದರಲ್ಲಿ ಫ್ಲಾಸ್ಕು ಚಾಚಿದ.

“ಕುಡಿ. ಜೇನು ಹಾಕಿದೀನಿ.”

“ಈಗ ತಾನೆ ಕುಡಿದ್ನಲ್ಲೋ.”

“ಅದು ಕಾಫಿ. ಕಾಫಿ ಕುಡಿದ್ರೆ ಗಂಟಲು ಒಣಗತ್ತೆ. ಡಾಕ್ಟ್ರು ಹೇಳಿಲ್ವಾ?”

ಯಾವ ಡಾಕ್ಟರೂ ಏನೂ ಹೇಳಿರಲಿಲ್ಲ. ನೆಲ್ಡಾ ಯಾವ ಡಾಕ್ಟರ ಬಳಿಗೂ ಹೋಗಿರಲೇ ಇಲ್ಲ. ಆದರೂ ಫ್ಲಾಸ್ಕು ತೆಗೆದುಕೊಂಡು ಆ ಸಿಹಿ ನೀರನ್ನು ಮುಖ ಕಿವುಚಿಕೊಂಡು ಕುಡಿದಳು. ಮೂರು ವರ್ಷದಿಂದ ಕುಡಿಯುತ್ತಿದ್ದಾಳೆ. ಆಕೆಗೆ ಈಗ ಜೇನುತುಪ್ಪ ಕಂಡರೆ ವಾಕರಿಕೆ.

ಇಬ್ಬರೂ ಜೊತೆಯಾಗಿ ಟೆಕ್ಸಸ್ ಸುತ್ತಲು ಶುರುಮಾಡಿ ಇಪ್ಪತ್ತು ಚಿಲ್ಲರೆ ವರ್ಷಗಳಾಗಿದ್ದವು. ಗಂಡಹೆಂಡಿರಲ್ಲ, ಪ್ರೇಮಿಗಳೂ ಅಲ್ಲ; ಆ ಅನುಮಾನ ಇಟ್ಟುಕೊಂಡಿದ್ದವರೆಲ್ಲ ನೋಡಿ ನೋಡಿ ಬೇಸತ್ತು ಬಿಟ್ಟಿದ್ದರು. ಆಕೆ ಹಾಡು ಬರೆದು, ಗಿಟಾರ್ ಹಿಡಿದು ಹಾಡುವವಳು; ಅವನು ಪಕ್ಕದಲ್ಲಿ ಕೂತು ಸ್ಟೀಲ್ ಗಿಟಾರ್ ನುಡಿಸುವವನು. ನೆಲ್ಡಾಳ ಹಾಡುಗಳನ್ನು ಕೇಳಿ, ಕಂಟ್ರಿ ಎಂಬ ಹಳ್ಳಿ ಧಾಟಿಯ ಸಂಗೀತದ ತವರಾದ ನ್ಯಾಶ್ವಿಲ್ಲಿನ ರೇಡಿಯೋದವರು ‘ಇದು ಕಂಟ್ರಿ ಸಂಗೀತವೇ ಅಲ್ಲ’ ಎಂದರು. ರಾಕ್ ಸಂಗೀತದವರು ‘ಇದು ಬರೀ ಕಂಟ್ರಿ’ ಎಂದರು. ಹೀಗೆ ಎರಡೂ ಮನೆಯವರು ಬಾಗಿಲು ಹಾಕಿಕೊಂಡ ಮೇಲೆ ನಡುವಿನ ಓಣಿಯಲ್ಲೇ ಆಕೆ ಬದುಕು ಕಟ್ಟಿಕೊಂಡಳು. ಕಂಪನಿ ಇಲ್ಲ, ಮ್ಯಾನೇಜರ್ ಇಲ್ಲ. ರೆಕಾರ್ಡನ್ನು ತಾನೇ ಮಾಡಿಸುವುದು, ಹಾಡಿದ ಮೇಲೆ ಬಾಗಿಲ ಬಳಿ ಮೇಜು ಹಾಕಿಕೊಂಡು ತಾನೇ ಮಾರುವುದು. ಇದನ್ನು ಪತ್ರಿಕೆಯವರು ‘ಸ್ವತಂತ್ರ ಕಲಾವಿದೆ’ ಎಂದು ಬರೆಯುತ್ತಾರೆ. ಸ್ವಾತಂತ್ರ್ಯವೆಂದರೆ ಟೈರು ಪಂಕ್ಚರ್ ಆದಾಗ ತಾನೇ ಜಾಕ್ ಹಚ್ಚುವುದು ಎಂದು ನೆಲ್ಡಾಳಿಗೆ ಬಹಳ ಹಿಂದೆಯೇ ಗೊತ್ತಾಗಿತ್ತು.

ಈಗ ಐವತ್ತಾರು. ಲಾಕ್‌ಹಾರ್ಟಿನಲ್ಲಿ ಆಕೆಯದೊಂದು ಪುಟ್ಟ ಮನೆಯಿದೆ. ಬಾಡಿಗೆಗೆ ಇದ್ದವರು ಖಾಲಿಮಾಡಿದ್ದಾರೆ. ಆ ಮನೆಗೆ ಹೋಗಿ, ಒಂದೇ ಹಾಸಿಗೆಯಲ್ಲಿ ದಿನಾ ಮಲಗಿ, ಬೆಳಿಗ್ಗೆ ಎದ್ದಾಗ ಇದು ಯಾವ ಊರು ಎಂದು ಕೇಳಿಕೊಳ್ಳದೆ ಇರಬೇಕು: ಆಕೆಗಿದ್ದ ಆಸೆ ಇಷ್ಟೇ. ಅಡ್ಡವಿದ್ದದ್ದು ಹೋಯ್ಟ್. ಹೆಂಡತಿ ತೀರಿಕೊಂಡವನು, ಎಪ್ಪತ್ತರ ಹತ್ತಿರ ಬಂದವನು, ಸ್ಟೀಲ್ ಬಿಟ್ಟರೆ ಬೇರೆ ಗತಿಯಿಲ್ಲದವನು. ಇವನನ್ನು ನಡುದಾರಿಯಲ್ಲಿ ಬಿಟ್ಟು ಹೇಗೆ ಹೋಗುವುದು? ಅದರಲ್ಲೂ ಆ ಮಂಡಿಯ ವಿಷಯ ತನಗೆ ಗೊತ್ತಿದ್ದೂ?

ಮಂಡಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹೋಯ್ಟ್ ನುಡಿಸುವ ಸ್ಟೀಲ್ ಮೇಜಿನ ಹಾಗೆ ನಾಲ್ಕು ಕಾಲಿನ ಮೇಲೆ ನಿಲ್ಲುವ ವಾದ್ಯ. ತಂತಿಯ ಮೇಲೆ ಕೈಯಿಂದ ಉಕ್ಕಿನ ಸರಳು ಜಾರಿಸಬೇಕು, ಪಾದದಿಂದ ಪೆಡಲು ಒತ್ತಬೇಕು, ಅದು ಸಾಲದು ಎಂಬಂತೆ ಮಂಡಿಯಿಂದ ಅಕ್ಕಪಕ್ಕದ ಸನ್ನೆಕೋಲುಗಳನ್ನು ತಳ್ಳಬೇಕು. ಕೇಳುವವರ ಕರುಳು ಹಿಂಡುವ ಆ ಅಳುವಂಥ ಸ್ವರ ಬರುವುದು ಬಹುಪಾಲು ಎಡ ಮಂಡಿಯಿಂದಲೇ. ಮೂರು ವರ್ಷದ ಹಿಂದೆ ಬಿಗ್ ಸ್ಪ್ರಿಂಗ್ ಎಂಬ ಊರಿನಲ್ಲಿ, ವೇಗದ ಹಾಡೊಂದರ ನಡುವೆ, ಹೋಯ್ಟನ ಎಡ ಮಂಡಿ ಹಿಡಿದುಕೊಂಡಿತು. ಸನ್ನೆ ತಳ್ಳಲಾಗಲಿಲ್ಲ, ಸ್ವರ ಅರ್ಧಕ್ಕೇ ನಿಂತು ಹಾಳಾಯಿತು. ಅವನ ಮುಖ ಸುಣ್ಣದ ಹಾಗಾಯಿತು. ಸ್ಟೀಲ್ ನುಡಿಸುವವರ ಲೋಕ ಬಹಳ ಚಿಕ್ಕದು; ಒಬ್ಬರಿಗೊಬ್ಬರು ಗೊತ್ತು. ಒಬ್ಬನ ಕಾಲು ಹೋಯಿತೆಂದರೆ ವಾರದೊಳಗೆ ಎಲ್ಲರೂ ಅವನ ಬಗ್ಗೆ ಸತ್ತವನ ಬಗ್ಗೆ ಮಾತಾಡುವಂತೆ ಒಳ್ಳೆಯ ಮಾತಾಡತೊಡಗುತ್ತಾರೆ.

ಮಾರನೆಯ ದಿನ ನೆಲ್ಡಾ ತಾನಾಗಿ ಹೇಳಿದ್ದಳು: “ಹೋಯ್ಟ್, ಹಾಡುಗಳನ್ನ ಸ್ವಲ್ಪ ನಿಧಾನ ಮಾಡೋಣ ಕಣೋ. ಜೋರಿನ ಹಾಡಲ್ಲಿ ನಂಗೆ ಉಸಿರು ಸಾಲ್ತಾ ಇಲ್ಲ.” ಪ್ರಾಯದಲ್ಲಿ ಪ್ಯಾಕುಗಟ್ಟಲೆ ಸಿಗರೇಟು ಸುಟ್ಟವಳು, ಹಾಗಾಗಿ ನಂಬುವಂಥ ಸುಳ್ಳೇ. ಅವನು ನಂಬಿದ. ನಂಬಿದ್ದಷ್ಟೇ ಅಲ್ಲ, ಅಂದಿನಿಂದ ಜೇನುನೀರಿನ ಫ್ಲಾಸ್ಕು ಶುರುವಾಯಿತು.

ನಿಧಾನವಾದ ಹಾಡುಗಳ ರೆಕಾರ್ಡು ಹೊರಬಂದಾಗ ಪತ್ರಿಕೆಯವರು ಮುಗಿಬಿದ್ದರು. ‘ಈಕೆಯ ದನಿಗೆ ಕೊನೆಗೂ ದುಃಖದ ಆಳ ದಕ್ಕಿದೆ, ಕಾಲವೇ ನಿಂತಂತಾಗುತ್ತದೆ’ ಎಂದು ಒಬ್ಬ ಬರೆದ. ‘ಹಗ್ಗದ ಮೇಲಿನ ಅಂಗಿ’ ಎಂಬ ಹಾಡನ್ನು ಕೇಳಿ ತಾನು ಕಾರು ನಿಲ್ಲಿಸಿ ಅತ್ತೆ ಎಂದ. ಬಿಟ್ಟುಹೋದ ಗಂಡನ ಅಂಗಿ ಬಟ್ಟೆ ಒಣಹಾಕುವ ಹಗ್ಗದ ಮೇಲೇ ಉಳಿದುಹೋದ ಕಥೆ ಅದು. ನೆಲ್ಡಾ ಅದನ್ನು ಬರೆದದ್ದು ನಗುನಗುತ್ತ. ಪೀಡೆ ತೊಲಗಿತು ಎಂದು ಕುಣಿಯುವುದಕ್ಕೆಂದೇ ಬರೆದದ್ದು. ಮಂಡಿ ನೋವಿನಿಂದ ಅದು ಶೋಕಗೀತೆಯಾಯಿತು. ಜನ ಕಣ್ಣೊರೆಸಿಕೊಂಡು ಕೊಂಡುಕೊಂಡರು.

ಇವತ್ತು ಹಾಡಬೇಕಿದ್ದ ಮಾರೆಕ್ ಡಾನ್ಸ್ ಹಾಲಿನ ಜನ ಮಾತ್ರ ಪತ್ರಿಕೆ ಓದುವವರಲ್ಲ. ಅಲ್ಲಿಗೆ ಬರುವವರು ಯುರೋಪಿನ ಚೆಕ್ ನಾಡಿನಿಂದ ಬಂದು ಸುತ್ತಲೂ ನೆಲೆಸಿದ ಮನೆತನಗಳ ರೈತರು, ಭಾನುವಾರ ಚರ್ಚು ಮುಗಿಸಿ, ಸಾಸೇಜು ತಿಂದು, ಮಧ್ಯಾಹ್ನ ಜೋಡಿಜೋಡಿಯಾಗಿ ಕುಣಿಯಲು ಬರುವವರು. ಮರದ ಹಲಗೆಯ ನೆಲಕ್ಕೆ ಜಾರುಪುಡಿ ಚೆಲ್ಲಿ ಸಿದ್ಧಮಾಡಿರುತ್ತಾರೆ. ಹಾಡು ಕಾಲಿಗೆ ಒಗ್ಗಿದರೆ ನೆಲ ತುಂಬುತ್ತದೆ, ಒಗ್ಗದಿದ್ದರೆ ಎಲ್ಲರೂ ಬೆಂಚಿಗೆ ಹೋಗಿ ಕೂರುತ್ತಾರೆ. ಅಲ್ಲಿ ವಿಮರ್ಶೆ ಎಂದರೆ ಅದೊಂದೇ.

ವ್ಯಾನು ನಿಲ್ಲುತ್ತಿದ್ದಂತೆ ಎಂದಿನ ಜಗಳ ಶುರುವಾಯಿತು. ನೆಲ್ಡಾ ಹಿಂಬಾಗಿಲು ತೆಗೆದು ಭಾರದ ಆಂಪ್ಲಿಫೈಯರಿಗೆ ಕೈಹಾಕಿದಳು. ಹೋಯ್ಟ್ ಕುಂಟುತ್ತ ಓಡಿಬಂದ.

“ಬಿಡು, ಬಿಡೇ! ಎದೆಗೆ ಆಯಾಸ ಆಗತ್ತೆ.”

“ನೀನು ಬಿಡೋ. ಹೋದ ವಾರ ತಾನೆ ಸೊಂಟ ಹಿಡ್ಕೊಂಡಿತ್ತು.”

“ಸೊಂಟಾನೂ ಇಲ್ಲ ಗಿಂಟಾನೂ ಇಲ್ಲ, ಕೊಡು ಇಲ್ಲಿ.”

ಇಬ್ಬರೂ ಒಂದೊಂದು ತುದಿ ಹಿಡಿದು, ಒಬ್ಬರ ಭಾರ ಇನ್ನೊಬ್ಬರು ತಪ್ಪಿಸಲು ಎಳೆದಾಡುತ್ತ, ಒಬ್ಬರೇ ಹೊತ್ತರೆ ಆಗುವುದಕ್ಕಿಂತ ಎರಡು ಪಟ್ಟು ದಣಿದು ಅದನ್ನು ವೇದಿಕೆಗೆ ತಲುಪಿಸಿದರು. ಡ್ರಮ್ಮಿನವನೂ ಬೇಸ್ ಗಿಟಾರಿನವನೂ ಆಗಲೇ ಬಂದಿದ್ದರು. ಇಬ್ಬರೂ ಆ ಊರಿನವರೇ. ಡ್ರಮ್ಮಿನವನು ದನದ ಡಾಕ್ಟರು, ಬೇಸಿನವನು ಅಂಚೆಯವನು.

ಹಾಲಿನ ಒಡತಿ ಮಿಲಾಡಾ ಮಾರೆಕ್ ಎಂಬತ್ತು ದಾಟಿದ ಮುದುಕಿ. ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ವೇದಿಕೆಯ ಬುಡಕ್ಕೆ ಬಂದು ನಿಂತಳು.

“ನೆಲ್ಡಾ, ಹೋದ ಸಲ ಏನಮ್ಮ ಅದು ಹಾಡಿದ್ದು? ನಮ್ಮ ಬೊಹುಸ್ ಕುಣೀತಾ ಕುಣೀತಾನೇ ನಿದ್ದೆ ಹೋದ. ಅವನ ಹೆಂಡ್ತಿ ಅವನನ್ನ ಎಳ್ಕೊಂಡು ಹೋಗಿ ಕೂರಿಸಿದ್ಲು.”

“ಅವರಿಗೂ ವಯಸ್ಸಾಯ್ತಲ್ಲ, ಮಿಸ್ ಮಿಲಾಡಾ.” ಮದುವೆಯಾದ ಹಿರಿಯ ಹೆಂಗಸರನ್ನೂ ಆ ಕಡೆ ಮಿಸ್ ಎಂದೇ ಕರೆಯುತ್ತಾರೆ.

“ಅವನಿಗೆ ವಯಸ್ಸಾಗಿರಬಹುದು, ಅವನ ಕಾಲಿಗೆ ಆಗಿಲ್ಲ. ಇವತ್ತು ಹೆಣ ಹೊರೋ ಹಾಡು ಬೇಡ. ಹಾಡಿದ್ರೆ ಮುಂದಿನ ಸಲ ಬೇರೆಯವರನ್ನ ಕರೀತೀನಿ, ಹೇಳಿಲ್ಲ ಅನ್ಬೇಡ.”

“ನನ್ ಉಸಿರು ಸ್ವಲ್ಪ...” ಎಂದು ನೆಲ್ಡಾ ಎದೆ ಮುಟ್ಟಿಕೊಂಡಳು. ಮಿಲಾಡಾಳ ಮುಖ ಥಟ್ಟನೆ ಮೆತ್ತಗಾಯಿತು. ಅದು ನೆಲ್ಡಾಳಿಗೆ ವಿಚಿತ್ರವೆನಿಸಿತು. ಈ ಮುದುಕಿಯ ಮುಖ ಮೆತ್ತಗಾಗುವುದನ್ನು ಆಕೆ ಯಾವತ್ತೂ ಕಂಡಿರಲಿಲ್ಲ.

ಮೊದಲ ಸುತ್ತು ಹೇಗಾಯಿತೆಂದು ಹೇಳುವುದೇ ಬೇಸರ. ಒಂದು ವಾಲ್ಟ್ಸ್ ಕುಣಿತದ ಹಾಡಿಗೆ ನಾಲ್ಕು ಜೋಡಿ ಎದ್ದವು. ಎರಡನೆಯದಕ್ಕೆ ಎರಡೇ ಉಳಿದವು. ಮೂರನೆಯ ಹಾಡಿಗೆ ಹೋಯ್ಟ್ ಪ್ರತಿ ಸಾಲಿನ ಕೊನೆಯಲ್ಲೂ ಸ್ವರವನ್ನು ಎಳೆದೂ ಎಳೆದೂ ಹಿಡಿದ. ಪಾಪ, ಮಂಡಿ ಇನ್ನಷ್ಟು ಕೆಟ್ಟಿದೆ ಎಂದುಕೊಂಡು ನೆಲ್ಡಾ ಮುಂದಿನ ಹಾಡನ್ನು ಇನ್ನಷ್ಟು ನಿಧಾನ ಮಾಡಿದಳು. ನೆಲ ಖಾಲಿಯಾಯಿತು. ದನದ ಡಾಕ್ಟರು ಎರಡು ಏಟಿನ ನಡುವೆ ಗಡಿಯಾರ ನೋಡಿಕೊಂಡ. ಬೆಂಚಿನ ಮೇಲೆ ಕೂತ ಜನ ಬಸ್ಸಿಗೆ ಕಾಯುವವರ ಹಾಗೆ ತಾಳ್ಮೆಯಿಂದ ಆಕೆಯನ್ನು ನೋಡುತ್ತಿದ್ದರು. ಆ ತಾಳ್ಮೆಗಿಂತ ಬೈಗುಳ ವಾಸಿ ಎಂದು ನೆಲ್ಡಾಳಿಗೆ ಅನಿಸಿತು. ಕಣ್ಣು ಮುಚ್ಚಿದರೆ ಅಲ್ಲೇ ನಿದ್ದೆ ಬರುವಷ್ಟು ಸುಸ್ತು.

ನಡುವೆ ಬಿಡುವು ಕೊಟ್ಟಾಗ ಹೋಯ್ಟ್ ವ್ಯಾನಿಗೆ ಹೋದ. ಜೇನುನೀರು ಬಿಸಿಮಾಡಿ ತರಲು. ಮಿಲಾಡಾ ನೆಲ್ಡಾಳನ್ನು ಕೌಂಟರಿನ ಹಿಂದಕ್ಕೆ ಕರೆದು, ಸ್ಟೂಲಿನ ಮೇಲೆ ಕೂರಿಸಿ, ಜರ್ದಾಳು ತುಂಬಿದ ಕೊಲಾಚಿ ಬನ್ನುಗಳ ತಟ್ಟೆಯನ್ನು ಮುಂದಿಟ್ಟಳು.

“ತಿನ್ನು. ಎದೆ ಕಾಯಿಲೆಯವರು ಹೊಟ್ಟೆ ತುಂಬ ತಿನ್ನಬೇಕು.”

“ಎದೆ ಕಾಯಿಲೆ ಅಂತ ಯಾರು ಹೇಳಿದ್ರು ನಿಮಗೆ?”

“ಇನ್ಯಾರು, ಹೋಯ್ಟ್. ನಿಂಗೆ ಹೇಳಬೇಡಿ ಅಂದಿದ್ದ. ನನ್ನ ಬಾಯಿ ನಿಲ್ಲಲ್ಲ, ಏನ್ಮಾಡ್ಲಿ.” ಮಿಲಾಡಾ ಅಕ್ಕಪಕ್ಕ ನೋಡಿ ದನಿ ತಗ್ಗಿಸಿದಳು. “ಹೋದ ಸಲ ಇಲ್ಲೇ, ಈ ಫ್ರಿಜ್ ಹತ್ರ ನಿಂತು ಅತ್ತುಬಿಟ್ಟ ಕಣೆ. ಮಗಳು ಲ್ಯಾನೋದಲ್ಲಿ ಹೊಳೆ ದಂಡೇಲಿ ಮನೆ ಕಟ್ಸಿದಾಳಂತೆ. ಅಪ್ಪಂಗೆ ಅಂತ್ಲೇ ಒಂದು ಕೋಣೆ. ಮೂರು ವರ್ಷದಿಂದ ಬಾ ಬಾ ಅಂತ ಕರೀತಾ ಇದಾಳಂತೆ. ಅವನಿಗೂ ಹೋಗೋಕೆ ಪ್ರಾಣ ಬಿಡೋ ಅಷ್ಟು ಆಸೆ.”

“ಮತ್ತೆ?”

“ಮತ್ತೇನು, ನೀನು! ‘ನಾನು ಬಿಟ್ಟು ಹೋದ್ರೆ ಅವಳು ಬದುಕಲ್ಲ ಮಿಸ್ ಮಿಲಾಡಾ, ಅವಳಿಗೆ ಇರೋದು ಹಾಡೊಂದೇ, ಅದೂ ಈಗ ಹೋಗ್ತಾ ಇದೆ’ ಅಂದ. ಇಂಥ ಗಂಡಸು ಹುಡುಕಿದ್ರೂ ಸಿಗಲ್ಲ. ನನ್ನ ಗಂಡ ಇದ್ದನಲ್ಲ, ನಂಗೆ ನ್ಯುಮೋನಿಯಾ ಬಂದಾಗ ಜಿಂಕೆ ಬೇಟೆಗೆ ಹೋಗಿದ್ದ.”

ನೆಲ್ಡಾ ಬಾಯಲ್ಲಿದ್ದ ತುತ್ತನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕೂತಳು. ಮೊದಲು ಬಂದದ್ದು ಸಿಟ್ಟು. ತಾನು ಯಾರಿಗಾಗಿ ಮೂರು ವರ್ಷ ಹಾಸಿಗೆ ಬಿಟ್ಟು, ಮನೆ ಬಿಟ್ಟು, ತನ್ನ ಹಾಡನ್ನೇ ಕೊಂದುಕೊಂಡು ತಿರುಗಿದಳೋ ಆ ಮಹಾರಾಯನಿಗೆ ಹೊಳೆ ದಂಡೆಯಲ್ಲಿ ಕೋಣೆ ಸಿದ್ಧವಾಗಿ ಕಾಯುತ್ತಿದೆ! ಅವನು ಹೋಗದೆ ಇರುವುದು ಇಲ್ಲದ ಕಾಯಿಲೆಯ ತನಗಾಗಿ! ಸಿಟ್ಟಿನ ಹಿಂದೆಯೇ ನಗು ಬಂತು. ನಗುವಿನ ಹಿಂದೆ ಕಣ್ಣೀರು ಬಂತು. ಮಿಲಾಡಾ ಅದನ್ನು ಕಾಯಿಲೆಯ ಲಕ್ಷಣವೆಂದು ತಿಳಿದು ಬೆನ್ನು ಸವರಿದಳು.

ಹಾಲಿನ ಹಿಂದಿನ ಪೆಕಾನ್ ಮರದ ಕೆಳಗೆ ನೆಲ್ಡಾ ಒಬ್ಬಳೇ ನಿಂತು ಯೋಚಿಸಿದಳು. ಸುಲಭದ ದಾರಿ ಕಣ್ಣೆದುರೇ ಇತ್ತು. ಸುಳ್ಳನ್ನೇ ಇನ್ನೊಂದಿಷ್ಟು ಎಳೆದು, ಎದೆ ಪೂರ್ತಿ ಕೆಟ್ಟಿತು, ಇನ್ನು ಹಾಡಬಾರದಂತೆ ಎಂದುಬಿಟ್ಟರೆ ತೀರಿತು. ಆದರೆ ಹೋಯ್ಟನನ್ನು ಬಲ್ಲವರು ಯಾರೂ ಅಷ್ಟಕ್ಕೆ ತೀರಿತು ಎನ್ನುವುದಿಲ್ಲ. ಅವನು ಲಾಕ್‌ಹಾರ್ಟಿಗೇ ಬಂದು ಅವಳ ವರಾಂಡದಲ್ಲಿ ಬೀಡುಬಿಟ್ಟು ಬೆಳಿಗ್ಗೆ ಸಂಜೆ ಫ್ಲಾಸ್ಕು ಚಾಚುತ್ತಾನೆ. ಇಲ್ಲವೇ ಅವಳನ್ನೂ ಲ್ಯಾನೋಗೆ ಹೊತ್ತುಕೊಂಡು ಹೋಗುತ್ತಾನೆ. ಹಾಗೆಂದು ನಿಜ ಹೇಳುವುದೇ? ‘ನಿನ್ನ ಮಂಡಿ ಹೋಗಿದೆ, ಅದಕ್ಕೇ ಹಾಡುಗಳನ್ನು ನಿಧಾನ ಮಾಡಿದೆ’ ಎಂದು ಸ್ಟೀಲ್ ನುಡಿಸುವವನ ಮುಖಕ್ಕೆ ಹೇಳುವುದು? ಯೋಚಿಸಿದಷ್ಟೂ ತಲೆ ಚಿಟ್ಟುಹಿಡಿಯಿತು. ಕೊನೆಗೆ ಆಕೆ ತೀರ್ಮಾನಿಸಿದ್ದು ಧೈರ್ಯದಿಂದಲ್ಲ, ಸುಸ್ತಿನಿಂದ. ಸುಳ್ಳನ್ನು ಹೊರಲು ಇನ್ನು ಮೈಯಲ್ಲಿ ಕಸುವಿರಲಿಲ್ಲ. ಬಾಯಲ್ಲಿ ಹೇಳಲಾಗದ್ದನ್ನು ಹಾಡಿನಲ್ಲಿ ಹೇಳಿದರಾಯಿತು ಎಂದುಕೊಂಡು ಒಳಗೆ ಹೋದಳು.

ವೇದಿಕೆ ಹತ್ತಿ ಗಿಟಾರ್ ಹೆಗಲಿಗೇರಿಸಿ, “ಹಗ್ಗದ ಮೇಲಿನ ಅಂಗಿ” ಎಂದಳು. ಬೆಂಚಿನ ಮೇಲೆ ಯಾರೋ ಆಕಳಿಸಿದರು. ನೆಲ್ಡಾ ಡ್ರಮ್ಮಿನ ಕಡೆ ತಿರುಗಿ ಎಣಿಸಿದಳು. ಒನ್, ಟೂ, ಒನ್ ಟೂ ತ್ರೀ ಫೋರ್. ಮೊದಲು ಬರೆದಾಗ ಇದ್ದ ವೇಗ. ಹೋಯ್ಟ್ ತಲೆ ಎತ್ತಿದ. ದನದ ಡಾಕ್ಟರು ಜೈಲಿನಿಂದ ಬಿಟ್ಟವನ ಹಾಗೆ ಹಲ್ಲು ಕಿರಿದು ಬಾರಿಸತೊಡಗಿದ.

ಆಕೆ ಹಾಡಿದಳು. ಅಂಗಿಗೆ ಗಾಳಿ ತುಂಬಿ ಗಂಡನಿಗಿಂತ ಅಂಗಿಯೇ ಚೆನ್ನಾಗಿ ಕಾಣುತ್ತದೆ ಎಂಬ ಸಾಲು ಬಂದಾಗ ಬೆಂಚಿನ ಹೆಂಗಸರು ಕಿಸಕ್ಕೆಂದರು. ಒಂದು ಜೋಡಿ ಎದ್ದಿತು, ಹಿಂದೆಯೇ ಐದು, ಹಿಂದೆಯೇ ಎಲ್ಲರೂ. ನಿದ್ದೆಯ ಬೊಹುಸ್ ಹೆಂಡತಿಯನ್ನು ಗಿರ್ರೆಂದು ತಿರುಗಿಸಿದ. ನೆಲ್ಡಾ ಉಸಿರು ತೆಗೆದುಕೊಳ್ಳದೆ ಸಾಲಿನ ಮೇಲೆ ಸಾಲು ಹಾಡಿದಳು, ದನಿ ಚಾವಣಿಗೆ ಮುಟ್ಟಿತು. ಎಷ್ಟು ಕಾಲವಾಗಿತ್ತು ಹೀಗೆ ಹಾಡಿ! ಮೈಯ ಆಯಾಸವೆಲ್ಲ ಎಲ್ಲಿಗೆ ಹೋಯಿತೋ. ಇದು ನನ್ನ ದನಿ, ಇದು ನನ್ನ ಹಾಡು, ಇದನ್ನು ನಾನೇ ಹೂತುಹಾಕಿದ್ದೆನಲ್ಲ ಎಂದು ಸಂತೋಷಕ್ಕೆ ಆಕೆಗೆ ಅಳು ಬರುವಂತಾಯಿತು.

ಆಮೇಲೆ ಸ್ಟೀಲಿನ ಸರದಿ ಬಂತು. ಹೋಯ್ಟ್ ಸರಳು ಜಾರಿಸಿದ, ಸ್ವರ ಏರಬೇಕಾದ ಕಡೆ ಏರದೆ ಕೆಳಗೇ ಉಳಿಯಿತು. ಮುಂದಿನ ಸುತ್ತಿನಲ್ಲಿ ಮಂಡಿ ಬಿಟ್ಟು ಇಡೀ ಸೊಂಟವನ್ನೇ ಪಕ್ಕಕ್ಕೆ ಎಸೆದು ಸನ್ನೆ ತಳ್ಳಿದ. ಪೀಠದಿಂದ ಬೀಳುವುದೊಂದು ಬಾಕಿ. ಅರ್ಧ ಸ್ವರ ಬಂತು. ಮೂರನೆಯ ಸಲ ಅವನು ತಂತಿಯ ಮೇಲಿಂದ ಕೈ ಎತ್ತಿ ತೊಡೆಯ ಮೇಲಿಟ್ಟುಕೊಂಡು ನೆಲ್ಡಾಳನ್ನೇ ನೋಡುತ್ತ ಕೂತ. ಆ ಜಾಗ ಖಾಲಿಯಾಗಿಯೇ ಹೋಯಿತು. ಕುಣಿಯುವವರಿಗೆ ಏನೂ ತಿಳಿಯಲಿಲ್ಲ. ಹಾಡು ಮುಗಿದಾಗ ಅವತ್ತಿನ ಮೊದಲ ಚಪ್ಪಾಳೆ ಬಿತ್ತು. ಮಿಲಾಡಾ ಮೈಕು ಕಸಿದುಕೊಂಡು, “ಈಗ ಕೌದಿ ಲಾಟರಿ! ಎಲ್ಲರೂ ಚೀಟಿ ತೆಗೀರಿ!” ಎಂದು ಕೂಗಿದಳು. ಹೋಯ್ಟ್ ಎದ್ದು ಕುಂಟುತ್ತ ಹೊರಗೆ ಹೋದ.

ಅವನು ವ್ಯಾನಿನ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ನೆಲ್ಡಾ ಎದುರು ನಿಂತಳು.

“ಉಸಿರು ಚೆನ್ನಾಗೇ ಇದೆಯಲ್ಲ,” ಎಂದ.

“ಹ್ಞೂಂ.”

“ಯಾವಾಗಿಂದ?”

“ಯಾವಾಗ್ಲೂ.”

ಹೋಯ್ಟ್ ಟೋಪಿ ತೆಗೆದು ಅದರ ಒಳಗನ್ನು ನೋಡಿದ. “ಬಿಗ್ ಸ್ಪ್ರಿಂಗ್,” ಎಂದ. ಅವನಿಗೆ ಎಲ್ಲ ಅರ್ಥವಾಗಿತ್ತು. “ನನ್ನ ಮಂಡಿಗೋಸ್ಕರ.”

“ಹ್ಞೂಂ.”

“ಹೇಳೋಕೆ ಏನಾಗಿತ್ತು ನಿಂಗೆ? ‘ಹೋಯ್ಟ್, ನಿನ್ನ ಕಾಲು ಹೋಯ್ತು, ಮನೆಗೆ ನಡಿ’ ಅಂತ ಒಂದು ಮಾತು?”

“ಹೇಳಿದ್ರೆ ಹೋಗ್ತಿದ್ಯಾ?”

“ಕುಣ್ಕೊಂಡು ಹೋಗ್ತಿದ್ದೆ!” ಎಂದು ಅಬ್ಬರಿಸಿದ. ಆಮೇಲೆ ಮಂಡಿ ನೀವಿಕೊಂಡು, “ಕುಂಟ್ಕೊಂಡು,” ಎಂದ.

“ನೀನೇನು ಕಮ್ಮಿನಾ? ನನ್ನೆದೆ ತೂತಾಗಿದೆ ಅಂತ ಊರಿಗೆಲ್ಲ ಸಾರಿದೀಯ. ಲ್ಯಾನೋದಲ್ಲಿ ಕೋಣೆ ಇದೆ ಅಂತ ನಂಗೆ ಯಾಕೋ ಹೇಳ್ಲಿಲ್ಲ? ನಾನು ನಿನ್ನ ಬಿಟ್ರೆ ನಿಂಗೆ ದಿಕ್ಕಿಲ್ಲ ಅಂದ್ಕೊಂಡು ಸಾಯ್ತಾ ಇದೀನಿ ಇಲ್ಲಿ.”

“ಮುದುಕಿ ಬಾಯಿಬಿಟ್ಲಾ?”

“ಬಿಡದೆ ಇರ್ತಾಳಾ?”

ಹೋಯ್ಟ್ ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡ. “ನಿಂಗೆ ಉಸಿರು ತಗೊಳ್ಳೋಕೆ ಪುರಸೊತ್ತು ಸಿಗ್ಲಿ ಅಂತ ಪ್ರತಿ ಸಾಲಿನ ಕೊನೇಲೂ ಸ್ವರ ಎಳ್ದು ಎಳ್ದು ಹಿಡೀತಿದ್ದೆ ಕಣೇ.”

“ಅಯ್ಯೋ ದೇವ್ರೇ. ನೀನು ಎಳೀತಾ ಇದ್ರೆ ಮಂಡಿ ಇನ್ನೂ ಕೆಟ್ಟಿದೆ ಅಂದ್ಕೊಂಡು ನಾನು ಇನ್ನೂ ನಿಧಾನ ಮಾಡ್ತಿದ್ದೆ.”

“ನೀನು ನಿಧಾನ ಮಾಡಿದಷ್ಟೂ ನಾನು ಇನ್ನೂ ಎಳೀತಿದ್ದೆ.”

“ಕಾಲವೇ ನಿಂತಂತಾಗುತ್ತದೆ,” ಎಂದಳು ನೆಲ್ಡಾ, ಪತ್ರಿಕೆಯವನ ದನಿಯಲ್ಲಿ. ಇಬ್ಬರಿಗೂ ನಗು ಒಡೆದುಕೊಂಡು ಬಂತು. ಹೋಯ್ಟ್ ವ್ಯಾನಿನ ಬಾಗಿಲು ಹಿಡಿದುಕೊಂಡು ನಕ್ಕ, ಆಕೆ ಬಂಪರಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಪತ್ರಿಕೆಯವನು ಕಾರು ನಿಲ್ಲಿಸಿ ಅತ್ತದ್ದು ನೆನಪಾಗಿ ಮತ್ತೆ ನಕ್ಕರು. ಒಳಗೆ ಕೌದಿ ಯಾರಿಗೋ ಬಂದು ಜನ ಕೇಕೆ ಹಾಕಿದರು.

ನಗು ನಿಂತಾಗ ಹೋಯ್ಟನ ಮುಖ ಬೇರೆಯಾಗಿತ್ತು.

“ಆದ್ರೂ ನೀನು ನನ್ನ ಮೇಲೆ ಕನಿಕರ ತೋರಿಸಬಾರ್ದಿತ್ತು, ನೆಲ್ಡಾ.”

“ನೀನು ತೋರಿಸ್ಲಿಲ್ವಾ?”

“ಉಸಿರಿನ ವಿಷ್ಯ ಬೇರೆ. ಸ್ಟೀಲ್ ನುಡಿಸೋನ ಮಂಡಿ ವಿಷ್ಯ ಬೇರೆ.”

“ಏನು ಬೇರೆ?”

“ಬೇರೆ ಅಂದ್ರೆ ಬೇರೆ.” ಅವನು ಮಂಡಿಯ ಮೇಲೆ ಅಂಗೈ ಮುಚ್ಚಿಕೊಂಡ. “ಎಷ್ಟು ವರ್ಷ ನಿನ್ನ ಪಕ್ಕದಲ್ಲಿ ಕೂತು ನುಡಿಸಿದೀನಿ. ನಾನು ಕೊನೇಲಿ ಹೀಗೆ ಆದೆ ಅಂತ ಜನ ಮಾತಾಡೋದು... ಅದನ್ನ ಕೇಳೋ ಶಕ್ತಿ ನಂಗಿಲ್ಲ ಕಣೇ.”

ನೆಲ್ಡಾ ಅವನ ಪಕ್ಕದಲ್ಲಿ ಹತ್ತಿ ಕೂತಳು. ಇಬ್ಬರ ಕಾಲುಗಳೂ ವ್ಯಾನಿನಿಂದ ಕೆಳಗೆ ತೂಗುತ್ತಿದ್ದವು. ಮೂರು ವರ್ಷದಿಂದ ಹೇಳಬೇಕೆಂದಿದ್ದ ಮಾತು ಈಗ ಹೇಳಬೇಕಾಗಿಯೇ ಇರಲಿಲ್ಲ. ಇದೇ ಕೊನೆಯ ಭಾನುವಾರ ಎಂದು ಇಬ್ಬರಿಗೂ ಗೊತ್ತಿತ್ತು. ಬಿಡುಗಡೆಯಾದಾಗ ಸಂತೋಷವಾಗುತ್ತದೆ ಎಂದು ಆಕೆ ಅಂದುಕೊಂಡಿದ್ದಳು. ಆಗಲಿಲ್ಲ.

ಅಷ್ಟರಲ್ಲಿ ಮಿಲಾಡಾ ಬಾಗಿಲು ದೂಡಿಕೊಂಡು ಬಂದಳು. ಹಿಂದೆ ದನದ ಡಾಕ್ಟರು, ಅಂಚೆಯವನು, ಬೊಹುಸ್, ಅವನ ಹೆಂಡತಿ, ಬಿಯರು ಬಾಟಲಿ ಹಿಡಿದ ಇನ್ನೂ ನಾಲ್ಕಾರು ಜನ.

“ಈಸ್ಟರ್ ಆದ ಮೇಲಿನ ಭಾನುವಾರ ನಿಮಗೇ ಕೊಟ್ಟಿದೀನಿ!” ಎಂದು ಮುದುಕಿ ಕೈ ಬೀಸಿದಳು. “ಆ ಅಂಗಿ ಹಾಡು ಹಾಡಿದೆಯಲ್ಲ ನೆಲ್ಡಾ, ಹಾಗೆ ಹಾಡು. ಈ ದನಿ ಎಲ್ಲಿ ಬಚ್ಚಿಟ್ಟಿದ್ಯೇ ಇಷ್ಟು ದಿನ?”

“ಹೋಯ್ಟ್, ನೀನ್ಯಾಕಪ್ಪ ನಡುವೆ ನಿಲ್ಲಿಸಿಬಿಟ್ಟೆ?” ಎಂದ ದನದ ಡಾಕ್ಟರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಎಲ್ಲರೂ ಹೋಯ್ಟನ ಕಡೆ ತಿರುಗಿದರು. ಒಬ್ಬಿಬ್ಬರ ಕಣ್ಣು ಅವನ ಕಾಲಿನ ಮೇಲೆ ಹೋಯಿತು.

ಹೋಯ್ಟ್ ಕೆಳಗಿಳಿದು ನೆಟ್ಟಗೆ ನಿಂತ. ಕಿವಿಗಳು ಕೆಂಪಾಗಿದ್ದವು.

“ನಿಲ್ಲಿಸದೆ ಏನ್ಮಾಡ್ಲಿ. ಅವಳನ್ನ ನೋಡಿ ಕೈ ಕಾಲು ಆಡ್ಲಿಲ್ಲ,” ಎಂದ. “ಆಗಲ್ಲ, ಮಿಸ್ ಮಿಲಾಡಾ. ಹಾಡ್ಬೇಡ ಅಂದ್ರೂ ಕೇಳ್ದೆ ಇವತ್ತು ಜೋರಾಗಿ ಹಾಡಿಬಿಟ್ಲು. ಎದೆ ಪೂರ್ತಿ ಹೋಗಿದೆ. ಇನ್ನು ಬೇಡ ಅಂದಿದಾರೆ ಡಾಕ್ಟ್ರು. ಇದೇ ಕೊನೆ.”

ಇಷ್ಟು ಹೇಳಿ ಅವನು ನೆಲ್ಡಾಳ ಕಡೆ ನೋಡದೆ ಜೋಳದ ಹೊಲದ ಕಡೆ ನೋಡುತ್ತ ನಿಂತ.

ನೆಲ್ಡಾಳಿಗೆ ಮುಂದಿನದೆಲ್ಲ ಕಣ್ಣೆದುರು ಬಂತು. ಮುಂದಿನ ವಾರ ಇದು ಟೆಕ್ಸಸ್ಸಿನ ಪ್ರತಿ ಹಾಲಿಗೂ ಮುಟ್ಟುತ್ತದೆ. ನೆಲ್ಡಾ ಕ್ರೌಚಳ ಎದೆ ಹೋಯಿತಂತೆ, ಹೋಯ್ಟ್ ಕೊನೆಯ ತನಕ ಅವಳ ಪಕ್ಕ ಬಿಡಲಿಲ್ಲವಂತೆ. ಇನ್ನು ಮುಂದೆ ಯಾರದಾದರೂ ಅಂಗಳದಲ್ಲಿ ನಿಂತು ಆಕೆ ಜೋರಾಗಿ ಹಾಡುವಂತಿಲ್ಲ, ಚರ್ಚಿನಲ್ಲೂ ಹಾಡುವಂತಿಲ್ಲ. ಈಗಷ್ಟೇ, ಒಂದೇ ಒಂದು ಹಾಡಿನ ಹೊತ್ತು, ವಾಪಸು ಬಂದಿದ್ದ ದನಿ. ತನ್ನ ಮಂಡಿಯ ಮಾನ ಉಳಿಸಲು ಅದನ್ನು ಕೊಡು ಎಂದು ಅವನು ಎಲ್ಲರೆದುರು ಕೇಳುತ್ತಿದ್ದಾನೆ. ಬಾಯಿಬಿಟ್ಟು ಕೇಳಲು ನಾಚಿಕೆಯಾಗಿ ಹೊಲದ ಕಡೆ ನೋಡುತ್ತಿದ್ದಾನೆ. ಆಕೆಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂತು. ಅವನ ಕತ್ತಿನ ಹಿಂಭಾಗದ ಸುಕ್ಕುಗಳನ್ನು ಕಂಡಳು. ಇಷ್ಟು ವರ್ಷ ಪಕ್ಕದಲ್ಲಿ ಕೂತ ಕತ್ತು ಅದು.

ನೆಲ್ಡಾ ವ್ಯಾನಿನಿಂದ ಇಳಿದಳು. ಎದೆಯ ಮೇಲೆ ಕೈಯಿಟ್ಟುಕೊಂಡು ಕೆಮ್ಮಿದಳು. ಒಳ್ಳೆಯ ಕೆಮ್ಮು, ಬಗ್ಗಿ, ಕಣ್ಣಲ್ಲಿ ನೀರು ಬರುವ ತನಕ ಕೆಮ್ಮಿದಳು. ನೀರು ಬರಲು ಕಷ್ಟಪಡಬೇಕಾಗಲಿಲ್ಲ.

“ಅಯ್ಯೋ ನನ್ನ ಕೂಸೇ,” ಎಂದು ಮಿಲಾಡಾ ಶಿಲುಬೆಯ ಗುರುತು ಮಾಡಿಕೊಂಡು ಬಂದು ತಬ್ಬಿಕೊಂಡಳು. ದನದ ಡಾಕ್ಟರು ಟೋಪಿ ತೆಗೆದ. ಮುದುಕಿಯ ಹೆಗಲ ಮೇಲಿಂದ ನೆಲ್ಡಾ ನೋಡಿದಾಗ ಹೋಯ್ಟ್ ಇತ್ತ ತಿರುಗಿದ್ದ. ಆಮೇಲೆ ಅವನು ವ್ಯಾನಿನೊಳಗೆ ಕೈಹಾಕಿ, ಫ್ಲಾಸ್ಕಿನ ಮುಚ್ಚಳಕ್ಕೆ ಜೇನುನೀರು ಬಗ್ಗಿಸಿ, ಎರಡೂ ಕೈಯಲ್ಲಿ ಹಿಡಿದು ಆಕೆಯ ಮುಂದೆ ಚಾಚಿದ. ಆಕೆ ಎಲ್ಲರೆದುರು ಅದನ್ನು ಕುಡಿದಳು.

ಒಪ್ಪಿಕೊಂಡಿದ್ದರಲ್ಲಿ ಇನ್ನೂ ಅರ್ಧ ಗಂಟೆ ಹಾಡುವುದಿತ್ತು. ಎದೆ ಹೋದವಳ ಹಾಗೆ, ನಿಧಾನವಾಗಿ ಹಾಡಬೇಕಿತ್ತು.